ರಿಲೀವರ್ ಬರುವ ತನಕ

ಬೊಮ್ಮಸಂದ್ರದ ಫ್ಯಾಕ್ಟರಿಗಳಲ್ಲಿ ಮಷೀನು ನಡೆಸುವವರ ನಡುವೆ ಒಂದು ಕಟ್ಟಳೆ ಇದೆ. ಗಂಟೆ ಹೊಡೆದ ಮಾತ್ರಕ್ಕೆ ಶಿಫ್ಟು ಮುಗಿಯುವುದಿಲ್ಲ. ಮುಂದಿನ ಪಾಳಿಯವರು ಬಂದು, ತಲೆಗೆ ಟೋಪಿ ಹಾಕಿ, ಕೈ ತೊಳೆದು, ಪಕ್ಕದಲ್ಲಿ ನಿಂತು, ಮಷೀನಿನ ಮೇಲೆ ಕೈಯಿಟ್ಟು ‘ಹೂಂ, ಬಿಡು’ ಅನ್ನಬೇಕು. ಆಗ ಮುಗಿಯಿತು. ಹಾಗೆ ಬರುವವರನ್ನು ರಿಲೀವರ್ ಅನ್ನುತ್ತಾರೆ. ರಿಲೀವರ್ ಬರುವ ತನಕ ಕಾಲು ಬಿದ್ದುಹೋದರೂ ಜಾಗ ಬಿಡುವ ಹಾಗಿಲ್ಲ. ಇದನ್ನು ಯಾವ ಬೋರ್ಡಿನಲ್ಲೂ ಬರೆದು ಹಾಕಿಲ್ಲ. ಹೊಸಬರಿಗೆ ಹಳಬರು ಹೇಳಿಕೊಡುತ್ತಾರೆ, ಆ ಹಳಬರಿಗೆ ಅವರಿಗಿಂತ ಹಳಬರು ಹೇಳಿಕೊಟ್ಟಿರುತ್ತಾರೆ. ಬಾವಿಯ ಹಗ್ಗ ಕೈ ಬದಲಾಯಿಸಿದ ಹಾಗೆ ಅದು. ಇನ್ನೊಬ್ಬರ ಕೈ ಬಿಗಿಯುವ ಮುಂಚೆ ನಮ್ಮ ಕೈ ಸಡಿಲಿಸಿದರೆ ಕೊಡ ನೀರಿನ ಪಾಲು.

ಬಿಂದುಶ್ರೀಗೆ ಇದನ್ನು ಹೇಳಿಕೊಟ್ಟವಳು ರುದ್ರಮ್ಮ. ಹಾವೇರಿ ಕಡೆಯ ಹೆಂಗಸು, ಮಾತು ಜೋರು, ಮನಸ್ಸು ಮೆತ್ತಗೆ. ಬಿಂದುಶ್ರೀಯ ಮಷೀನಿಗೆ ಅವಳೇ ರಿಲೀವರ್. ಕಟ್ಟಳೆ ಕಲಿಸಿದವಳೇ ದಿನಾ ತಡವಾಗಿ ಬರುತ್ತಿದ್ದಳು ಅನ್ನುವುದು ಬೇರೆ ಮಾತು.

ಆ ಭಾನುವಾರ ಬೆಳಗ್ಗೆಯೂ ಹಾಗೇ ಆಯಿತು. ಮಾತ್ರೆ ಕಂಪನಿಗೆ ಆರ್ಡರು ಜಾಸ್ತಿ ಬಂದಿದ್ದರಿಂದ ವಾರದ ರಜೆಯಲ್ಲೂ ಮಷೀನು ನಿಂತಿರಲಿಲ್ಲ. ನೈಟ್ ಶಿಫ್ಟಿನವರೆಲ್ಲ ಹೊರಟುಹೋಗಿ, ಅವರ ಜಾಗಕ್ಕೆ ಬಂದವರ ಮುಖದ ನಿದ್ದೆಯೂ ಹರಿದಿತ್ತು. ಬಿಂದುಶ್ರೀ ಮಾತ್ರ ನಿಂತೇ ಇದ್ದಳು. ಬೆಳ್ಳಿ ಬಣ್ಣದ ಹಾಳೆ ಬಿಚ್ಚಿಕೊಳ್ಳುತ್ತಾ ಬರುವುದು, ಅದರ ಗುಳಿಗಳೊಳಗೆ ಮಾತ್ರೆ ಬೀಳುವುದು, ಹಾಳೆ ಒತ್ತಿಕೊಳ್ಳುವುದು, ಕತ್ತರಿ ಇಳಿಯುವುದು. ಟಕ್ ಟಕಾ ಟಕ್, ಟಕ್ ಟಕಾ ಟಕ್. ರಾತ್ರಿಯೆಲ್ಲ ಕೇಳಿದ ಕಿವಿಗೆ ಆ ಸದ್ದು ಹೊರಗಿನದೋ ತನ್ನ ಎದೆಯ ಒಳಗಿನದೋ ತಿಳಿಯದ ಹಾಗಾಗುತ್ತದೆ. ಕಣ್ಣು ತೆರೆದೇ ಇರುತ್ತದೆ, ಆದರೆ ಅರ್ಧ ಕನಸು ಆಗಲೇ ಶುರುವಾಗಿರುತ್ತದೆ.

ರುದ್ರಮ್ಮ ಏದುಸಿರು ಬಿಡುತ್ತಾ ಬಂದಳು.

“ಬಂದೆ ಬಂದೆ. ಬೈಬ್ಯಾಡ ತಂಗಿ, ಬಸ್ಸು ಚಂದಾಪುರದಾಗ ಕೆಟ್ಟು ನಿಂತಿತ್ತು.”

“ನಾನೆಲ್ಲಿ ಬೈದೆ ಅಕ್ಕ?”

“ಬೈಯೂದಿಲ್ಲಲ್ಲ, ಅದ ನನಗ ಚುಚ್ಚತೈತಿ. ಒಂದ್ ಸಲ ಬೈದು ಬಿಡು, ಹಗುರಾಗತೈತಿ.” ರುದ್ರಮ್ಮ ಟೋಪಿಯೊಳಗೆ ಜಡೆ ತುರುಕುತ್ತಾ ಕೇಳಿದಳು, “ಇವತ್ತ ಸಂಜಿಗೆ ನಿಂದು ಓಟ ಐತಲ್ಲ? ಗೆದ್ದು ಬಾ ಮತ್ತ.”

“ನಾನು ಗೆಲ್ಲೋಕೆ ಓಡೋದಲ್ಲ ಅಕ್ಕ. ಪೇಸರ್ ನಾನು. ದೊಡ್ಡ ದೊಡ್ಡೋರು ಓಡ್ತಾರಲ್ಲ, ಅವರಿಗೆ ಮುಂದೆ ಓಡಿ ವೇಗ ಹಾಕಿಕೊಡೋದು. ಗಾಳಿ ನನಗೆ ಹೊಡೆಯುತ್ತೆ, ಅವರು ನನ್ನ ಹಿಂದೆ ಆರಾಮಾಗಿ ಬರ್ತಾರೆ. ಕೊನೆ ಹತ್ರ ಬಂದಾಗ ಅವರು ನನ್ನ ದಾಟ್ತಾರೆ, ನಾನು ಪಕ್ಕಕ್ಕೆ ಸರಿದುಬಿಡ್ತೀನಿ.”

ರುದ್ರಮ್ಮ ಕೈ ತೊಳೆದು ಬಂದು ಪಕ್ಕದಲ್ಲಿ ನಿಂತಳು. “ಅಂದ್ರ ಮದುವಿ ಮೆರವಣಿಗ್ಯಾಗ ಮುಂದ ಬಾಜಾ ಬಾರಿಸವ್ರಂಗ ಅನ್ನು. ಮನಿ ಬಾಗಿಲ ಬಂದ ಕೂಡ್ಲೆ ಸರದು ನಿಂದ್ರಬೇಕು. ಊಟಕ್ಕಾದ್ರೂ ಕರೀತಾರೋ ಇಲ್ಲೋ?”

“ಬಾಳೆಹಣ್ಣು ಕೊಡ್ತಾರೆ.”

“ಹೂಂ, ಬಿಡು,” ಎಂದು ರುದ್ರಮ್ಮ ಮಷೀನಿನ ಮೇಲೆ ಕೈಯಿಟ್ಟಳು. ಬಿಂದುಶ್ರೀ ಕೈ ತೆಗೆದಳು.

ಹೆದ್ದಾರಿಯ ಮೇಲೆ ಮೆಟ್ರೋ ಕಂಬಗಳ ನೆರಳು ಉದ್ದಕ್ಕೆ ಮಲಗಿತ್ತು. ಶಿಫ್ಟು ಬಿಟ್ಟವರ ಗುಂಪು ಟೀ ಅಂಗಡಿಯ ಮುಂದೆ ಮಾತಿಲ್ಲದೆ ನಿಂತಿತ್ತು. ಬೇರೆ ದಿನವಾಗಿದ್ದರೆ ಬಿಂದುಶ್ರೀ ಅಲ್ಲಿಂದ ನೇರವಾಗಿ ಟ್ರ್ಯಾಕಿಗೆ ಹೋಗುತ್ತಿದ್ದಳು. ಇವತ್ತು ಸಂಜೆ ಓಟವಿದ್ದುದರಿಂದ ಮನೆಗೆ ಹೋಗಿ ಮಲಗಬೇಕಾಗಿತ್ತು.

ಆ ಟ್ರ್ಯಾಕಿನ ವಿಷಯ ಹೇಳಬೇಕು. ಊರಿನ ಆಚೆ, ಕೆರೆ ಏರಿಯ ಕೆಳಗೆ, ಒಂದು ಖಾಸಗಿ ಕ್ಲಬ್ಬಿನವರು ಸುತ್ತ ಕಾಂಪೌಂಡು ಕಟ್ಟಿ ಮಾಡಿಸಿದ್ದು. ನೆಲ ಇಟ್ಟಿಗೆ ಬಣ್ಣ. ಮೇಲೆ ಕಾಲಿಟ್ಟರೆ ಕೆಳಗಿನಿಂದ ಯಾರೋ ಅಂಗೈ ಕೊಟ್ಟು ಎತ್ತಿದ ಹಾಗೆ ಅನ್ನಿಸುತ್ತದೆ. ಬಿಂದುಶ್ರೀ ಅದಕ್ಕೂ ಮುಂಚೆ ಓಡಿದ್ದೆಲ್ಲ ಸರ್ವಿಸ್ ರೋಡಿನಲ್ಲಿ. ಲಾರಿಗಳ ಹೊಗೆ, ಚರಂಡಿಯ ಮೇಲಿನ ಅಲ್ಲಾಡುವ ಕಲ್ಲು, ಅಟ್ಟಿಸಿಕೊಂಡು ಬರುವ ನಾಯಿ, ಬೈಕು ನಿಧಾನ ಮಾಡಿ ‘ಡ್ರಾಪ್ ಬೇಕಾ’ ಅನ್ನುವ ಪೋಕರಿಗಳು. ಅಂಥ ಕಡೆ ಓಡಿ ಓಡಿ ಬಂದವಳಿಗೆ ಆ ನೆಲದ ಮೇಲೆ ಮೊದಲ ಸಲ ಕಾಲಿಟ್ಟಾಗ ಅಳು ಬಂದಿತ್ತು. ಯಾಕೆ ಅಂತ ಕೇಳಿದ್ದರೆ ಹೇಳಲಿಕ್ಕೆ ಬರುತ್ತಿರಲಿಲ್ಲ.

ಅವಳನ್ನು ಸಾಕಿದ ಅಜ್ಜಿ ಅಶ್ವತ್ಥಮ್ಮನಿಗೆ ಆ ಜಾಗ ಬೇರೆ ರೀತಿಯಲ್ಲಿ ಗೊತ್ತು. “ಆಗ ಅಲ್ಲಿ ಊರೋರ್ದೆಲ್ಲಾ ಕಣ ಇತ್ತು, ಪಕ್ಕದಾಗೆ ಎಮ್ಮೆ ಮೇಯೋ ಬೀಳು,” ಅನ್ನುವಳು. “ರಾಗಿ ತೆನೆ ಹಾಸ್ಬಿಟ್ಟು ಎತ್ತಿಗೆ ಗುಂಡುಕಲ್ಲು ಕಟ್ಟಿ ಹೊಡೀತಿದ್ವಿ. ಸುತ್ತಿದ್ದೂ ಸುತ್ತಿದ್ದೇ. ಎತ್ತೂ ನಿದ್ದೆಗಣ್ಣು, ಹೊಡ್ಯೋನೂ ನಿದ್ದೆಗಣ್ಣು. ಅದೇನೋ ಒಂಥರಾ ಸುಖ ಕಣೇ ಅದು. ಈಗ ನೀನು ಸುತ್ತು, ಓಗು.” ಮೊದಮೊದಲು ಮಾತ್ರ ಅಜ್ಜಿಗೆ ಈ ಓಟ ಅರ್ಥವಾಗುತ್ತಿರಲಿಲ್ಲ. “ಇಂಗ್ಯಾಕೆ ಓಡೀಯ? ಯಾರು ಅಟ್ಟುಸ್ಕೊಂಡು ಬತ್ತವ್ರೆ?” ಎಂದು ಕೇಳುತ್ತಿದ್ದಳು.

ಕ್ಲಬ್ಬಿನ ಒಳಗೆ ಕಾಲಿಡಬೇಕಾದರೆ ಅಲ್ಲಿನ ಮೆಂಬರ್ ಆಗಿರಬೇಕು, ಇಲ್ಲವೆ ದೊಡ್ಡ ಓಟಗಾರರಾಗಿರಬೇಕು. ಬಿಂದುಶ್ರೀ ಎರಡೂ ಅಲ್ಲ. ಆದರೂ ಅವಳ ಕೊರಳಿಗೆ ಒಂದು ಕಾರ್ಡು ಬಂದದ್ದು ಪಟ್ಟಾಭಿರಾಮ ಮೇಷ್ಟರಿಂದ. ಅವರು ಸರ್ಕಾರಿ ಕಾರ್ಖಾನೆಯೊಂದರ ಟೀಮಿನಲ್ಲಿ ಓಡಿ, ಅಲ್ಲೇ ಕೆಲಸ ಮಾಡಿ ರಿಟೈರ್ ಆದವರು. ಈಗ ಕ್ಲಬ್ಬಿನ ಕೋಚು. ಮಾತ್ರೆ ಕಂಪನಿಯ ಸ್ಪೋರ್ಟ್ಸ್ ಡೇಗೆ ಅತಿಥಿಯಾಗಿ ಬಂದಿದ್ದಾಗ, ಗೋಡೌನು ಸುತ್ತಿ ಓಡುತ್ತಿದ್ದ ಬಿಂದುಶ್ರೀಯನ್ನು ನೋಡಿದರು. ಅವಳ ಕಾಲಿನಲ್ಲಿ ಅಂಥ ಬಿರುಸು ಅವರಿಗೆ ಕಾಣಲಿಲ್ಲ. ಕಂಡದ್ದು ಒಂದು ಹದ. ಮೊದಲ ಸುತ್ತು ಹೇಗೋ ಮೂರನೆಯದೂ ಹಾಗೇ, ಐದನೆಯದೂ ಹಾಗೇ. ಅವರ ಶಿಷ್ಯೆ ತನ್ಮಯಿಗೆ ಅಂಥವಳೊಬ್ಬಳು ಬೇಕಾಗಿತ್ತು.

ತನ್ಮಯಿ ಸಿಟಿಯ ಹೂಡಿ ಕಡೆಯ ಅಪಾರ್ಟ್‌ಮೆಂಟಿನ ಹುಡುಗಿ, ಸಾವಿರದೈನೂರು ಮೀಟರಿನಲ್ಲಿ ಏಷ್ಯಾ ಮಟ್ಟದ ಓಟದವರೆಗೂ ಹೋಗಿ ಬಂದವಳು. ಹಮ್ಮು ಇಲ್ಲ, ಆದರೆ ಓಟದ ಹೊರತು ಬೇರೆ ಗಮನವೂ ಇಲ್ಲ. ಬಿಂದುಶ್ರೀ ಅವಳನ್ನು ಮೇಡಂ ಅನ್ನುವಳು. “ಮೇಡಂ ಅನ್ಬೇಡ ಕಣೇ, ಸ್ಕೂಲ್ ಟೀಚರ್ ಥರ ಅನ್ಸುತ್ತೆ,” ಎಂದು ತನ್ಮಯಿ ಎಷ್ಟು ಸಲ ಹೇಳಿದರೂ ಆ ಮೇಡಂ ಹೋಗಲಿಲ್ಲ.

ಒಪ್ಪಂದ ಇಷ್ಟೇ. ಬಿಂದುಶ್ರೀ ಮುಂದೆ ಓಡಿ ತನ್ಮಯಿಯನ್ನು ವೇಗಕ್ಕೆ ಎಳೆಯಬೇಕು. ತನ್ಮಯಿಯ ಅಭ್ಯಾಸ ಮುಗಿದ ಮೇಲೆ ಎಷ್ಟು ಹೊತ್ತು ಬೇಕಾದರೂ ಟ್ರ್ಯಾಕಿನ ಮೇಲೆ ಓಡಿಕೊಳ್ಳಬಹುದು. ಕಾರ್ಡಿನ ಮೇಲೆ ಬರೆದಿದ್ದದ್ದೂ ಪೇಸರ್ ಅಂತಲೇ. ಆ ಕೆಲಸ ಇರುವ ತನಕ ಗೇಟು ತೆರೆಯುತ್ತದೆ, ಹೋದರೆ ಮುಚ್ಚುತ್ತದೆ. ಬಿಂದುಶ್ರೀಗೆ ಆ ಕಾರ್ಡು ಕಳೆದುಹೋದಂತೆ ಆಗಾಗ ಕನಸು ಬೀಳುತ್ತಿತ್ತು. ಮೆಡಲು, ಹೆಸರು, ಫೋಟೋ ಇವುಗಳ ಕನಸು ಒಂದು ದಿನವೂ ಬಿದ್ದಿರಲಿಲ್ಲ. ನೈಟ್ ಶಿಫ್ಟ್ ಮುಗಿಸಿ, ತನ್ಮಯಿ ಕಾರು ಹತ್ತಿ ಹೋದ ಮೇಲೆ, ಖಾಲಿ ಟ್ರ್ಯಾಕಿನ ಮೇಲೆ ಒಬ್ಬಳೇ ಸುತ್ತುವಾಗ ಆಗುತ್ತಿದ್ದುದೇ ಅವಳಿಗೆ ಸಾಕಾಗಿತ್ತು. ಆಗ ಮಂಜಿನಲ್ಲಿ ಕಾಂಪೌಂಡು ಕರಗುತ್ತಿತ್ತು. ಅದರಾಚೆಯ ಫ್ಯಾಕ್ಟರಿ ಚಿಮಣಿ ಕರಗುತ್ತಿತ್ತು. ಉಳಿಯುತ್ತಿದ್ದದ್ದು ಒಂದು ಸುತ್ತು, ಒಂದು ಉಸಿರು, ಎಲ್ಲೋ ಎತ್ತಿನ ಕೊರಳಗಂಟೆ ಕೇಳಿದ ಹಾಗೆ ಒಂದು ಸದ್ದು.

ಆದರೆ ಓಟದ ದಿನ ಅವಳ ಪಾಲಿಗೆ ಕೊನೆಯ ಸುತ್ತು ಅನ್ನುವುದು ಇರಲಿಲ್ಲ. ಅದನ್ನು ಅವಳು ಹುಲ್ಲಿನ ಮೇಲೆ ನಿಂತು ನೋಡಿದ್ದಳೇ ಹೊರತು ಓಡಿ ಕಂಡಿರಲಿಲ್ಲ.

ಮಧ್ಯಾಹ್ನ ನಿದ್ದೆಯಿಂದ ಎದ್ದಾಗ ಹಳದಿ ಬೆಳಕು ಗೋಡೆಯ ಮೇಲಿತ್ತು. ಬೆಳಗೋ ಸಂಜೆಯೋ ಗೊತ್ತಾಗಲಿಲ್ಲ. ಅಜ್ಜಿ ರಾಗಿ ಅಂಬಲಿಯ ಲೋಟ ಹಿಡಿದು ನಿಂತಿದ್ದಳು. “ಕುಡ್ದು ಓಗು. ಬರೀ ಒಟ್ಟೇಲಿ ಎತ್ತೂ ತಿರ್ಗಾಕಿಲ್ಲ.” ಕುಡಿದು ಹೊರಟಳು. ನಿದ್ದೆಯ ಒಂದು ಪದರ ಮೈಮೇಲೆ ಹಾಗೇ ಉಳಿದಿತ್ತು.

ಕ್ಲಬ್ಬಿನಲ್ಲಿ ಅಂದು ಜನವೋ ಜನ. ಬೇರೆ ಬೇರೆ ರಾಜ್ಯದಿಂದ ಕರೆಸಿದ ಹೆಸರಾಂತ ಹುಡುಗಿಯರು ಓಡುವ ಓಟ ಅದು. ಕೇರಳದ ಎತ್ತರದ ಹುಡುಗಿಯೊಬ್ಬಳು ಬಂದಿದ್ದಳು, ಎರಡು ವರ್ಷದಿಂದ ಅವಳನ್ನು ಯಾರೂ ಸೋಲಿಸಿರಲಿಲ್ಲ. ತನ್ಮಯಿಗೆ ಅವಳನ್ನು ಸೋಲಿಸಬೇಕಾಗಿತ್ತು, ಜೊತೆಗೆ ಒಳ್ಳೆಯ ಟೈಮಿನಲ್ಲಿ ಓಡಿ ವಿದೇಶದ ಓಟಕ್ಕೆ ಆಯ್ಕೆಯೂ ಆಗಬೇಕಾಗಿತ್ತು. ಅಪಾರ್ಟ್‌ಮೆಂಟಿನಿಂದ ಅವಳ ಮನೆಯವರೆಲ್ಲ ಬಂದು ಕೂತಿದ್ದರು.

ಪಟ್ಟಾಭಿರಾಮ ಮೇಷ್ಟರು ಬಿಂದುಶ್ರೀಯನ್ನು ಪಕ್ಕಕ್ಕೆ ಕರೆದರು.

“ನೋಡಮ್ಮ, ನಾವು ಮಾಡಿದ ಹದದಲ್ಲೇ ಹೋಗು. ಹಿಂದೆ ತಿರುಗಿ ನೋಡ್ಬೇಡ, ನೋಡಿದ್ರೆ ಹದ ಕೆಡುತ್ತೆ. ಕೊನೇ ಸುತ್ತಿನ ಗಂಟೆ ಹೊಡೆಯೋ ಹೊತ್ತಿಗೆ ತನ್ಮಯಿ ನಿನ್ನ ಪಕ್ಕಕ್ಕೆ ಬರ್ತಾಳೆ, ದಾಟ್ತಾಳೆ. ಆಗ ನೀನು ಒಳಗಡೆ ಹುಲ್ಲಿಗೆ ಸರ್ಕೊ.”

“ಅವರು ಬಂದ ಮೇಲೆ ಅಲ್ವಾ ಸಾರ್?”

“ಹೂಂ, ಬಂದ ಮೇಲೆ. ಮುಂಚೆ ಬಿಟ್ಟುಬಿಟ್ರೆ ಗಾಳಿಗೆ ಅವಳು ಸಿಕ್ಕಿಹಾಕ್ಕೊತಾಳೆ.”

ಈ ಮಾತನ್ನು ಮೇಷ್ಟರು ತಮ್ಮ ಲೆಕ್ಕದಲ್ಲಿ ಹೇಳಿದರು, ಬಿಂದುಶ್ರೀ ತನ್ನ ಲೆಕ್ಕದಲ್ಲಿ ಕೇಳಿದಳು. ಓಟ ಬಲ್ಲ ಯಾರಿಗಾದರೂ ಗೊತ್ತು, ಗಂಟೆ ಹೊಡೆದ ಮೇಲೆ ಪೇಸರ್ ಅಲ್ಲಿ ಇರುವುದಿಲ್ಲ ಅಂತ. ಅದನ್ನು ಬಿಡಿಸಿ ಹೇಳುವುದಕ್ಕೇನಿದೆ ಎಂದು ಮೇಷ್ಟರು ಹೇಳಲಿಲ್ಲ. ಇವಳಿಗೋ, ಬರುವವರು ಬರದೆ ಬಿಟ್ಟು ಹೋಗುವುದು ಅಂತ ಒಂದು ಲೋಕದಲ್ಲಿ ಇದೆ ಅನ್ನುವುದೇ ಗೊತ್ತಿರಲಿಲ್ಲ.

ತುಪಾಕಿ ಸದ್ದಾಯಿತು. ಬಿಂದುಶ್ರೀ ಮುಂದೆ ಹೋದಳು.

ಹಿಂದೆ ಹೆಜ್ಜೆಗಳ ಮಳೆ. ಹತ್ತು ಹನ್ನೆರಡು ಜನರ ಉಸಿರು, ಮೊಳೆ ಬೂಟಿನ ಚರಚರ ಸದ್ದು, ಮೊಣಕೈ ತಾಗಿದಾಗ ಯಾರೋ ಮಲಯಾಳಂನಲ್ಲಿ ಗೊಣಗಿದ್ದು. ಇವಳಿಗೆ ಅದೆಲ್ಲ ರಾತ್ರಿಯ ಸಾಲು ಮಷೀನುಗಳ ಸದ್ದಿನ ಹಾಗೆ ಕೇಳಿತು. ಅದರ ನಡುವೆ ತನ್ನದೊಂದು ಸದ್ದನ್ನು ಹುಡುಕಿಕೊಂಡಳು. ಟಕ್ ಟಕಾ ಟಕ್. ಸಿಕ್ಕಿತು. ಅದಕ್ಕೆ ಕಾಲು ಕೊಟ್ಟು ತಾನು ಹಿಂದಕ್ಕೆ ಸರಿದು ಕೂತಳು, ಗಾಡಿಯಲ್ಲಿ ಎತ್ತಿಗೆ ದಾರಿ ಗೊತ್ತಿದೆ ಎಂದು ಹಗ್ಗ ಸಡಿಲಬಿಟ್ಟು ಕೂತವರ ಹಾಗೆ.

ಒಂದು ಸುತ್ತು ಬಂತು, ಹೋಯಿತು. ಸಂಜೆಯ ಬಿಸಿಲು ಓರೆಯಾಗಿ ಬಿದ್ದು ಟ್ರ್ಯಾಕು ಆಗ ತಾನೇ ಹಾಸಿದ ತೆನೆಯ ಬಣ್ಣಕ್ಕೆ ತಿರುಗಿತ್ತು. ಆಚೆ ಬದಿಯ ನೇರ ದಾರಿಯಲ್ಲಿ ಕೆರೆ ಏರಿಯ ಕಡೆಯಿಂದ ಗಾಳಿ ನುಗ್ಗಿ ಬರುತ್ತಿತ್ತು. ಅದರಲ್ಲಿ ಹಸಿ ಮಣ್ಣಿನ ವಾಸನೆ, ಎಲ್ಲೋ ಔಷಧದ ಫ್ಯಾಕ್ಟರಿಯ ಘಾಟು, ಯಾರದೋ ಮನೆಯ ಒಗ್ಗರಣೆ. ಎದೆಯಿಂದ ಆ ಗಾಳಿಯನ್ನು ಸೀಳಿಕೊಂಡು ಹೋಗುವುದು ಅವಳ ಕೆಲಸ. ಸೀಳಿದಳು. ಇನ್ನೊಂದು ಸುತ್ತು ಬಂತು.

ಆ ಸುತ್ತಿನಲ್ಲಿ ಹಿಂದಿನ ಮಳೆ ನಿಂತುಹೋಯಿತು.

ಮೊದಲು ಅವಳಿಗೆ ಅದು ಗೊತ್ತಾಗಲಿಲ್ಲ. ಸೋನೆ ನಿಂತದ್ದು ಮನೆಯೊಳಗೆ ಕೂತವರಿಗೆ ಸ್ವಲ್ಪ ಹೊತ್ತಿನ ಮೇಲೆ ತಿಳಿಯುತ್ತದಲ್ಲ, ಹಾಗೆ. ಕಿವಿಗೆ ತನ್ನ ಹೆಜ್ಜೆ ಮಾತ್ರ ಬೀಳುತ್ತಿತ್ತು. ದಿನಾ ಬೆಳಗ್ಗೆ ಒಬ್ಬಳೇ ಓಡುವಾಗ ಇರುತ್ತಿದ್ದ ಹಾಗೇ ಇತ್ತು ಎಲ್ಲ. ಓಟದಲ್ಲಿದ್ದೇನೆ ಅನ್ನುವುದೇ ಅವಳಿಗೆ ಮರೆತುಹೋಯಿತು.

ಹಿಂದೆ ಆಗಿದ್ದದ್ದು ಇದು. ಕೇರಳದ ಹುಡುಗಿ ತನ್ಮಯಿ ಮುಂದೆ ಹೋಗಲಿ ಎಂದು ಕಾದಳು. ತನ್ಮಯಿ ಅವಳು ಹೋಗಲಿ ಎಂದು ಕಾದಳು. ಮುಂದೆ ಹೋದವರಿಗೆ ಗಾಳಿ ಹೊಡೆಯುತ್ತದೆ, ಕೊನೆಯಲ್ಲಿ ಹಿಂದಿದ್ದವರು ಚಿಮ್ಮಿ ದಾಟುತ್ತಾರೆ. ಇಬ್ಬರಿಗೂ ಅದೇ ಭಯ. ಒಬ್ಬರ ಮುಖ ಒಬ್ಬರು ನೋಡುತ್ತಾ ಇಬ್ಬರೂ ಕಾಲು ನಿಧಾನಿಸಿದರು, ಉಳಿದವರು ಆ ಇಬ್ಬರನ್ನು ನೋಡಿ ನಿಧಾನಿಸಿದರು. ಪೇಸರ್ ಎಷ್ಟು ದೂರ ಹೋದರೇನು, ಅವಳು ಹೇಗೂ ಹುಲ್ಲಿಗೆ ಇಳಿಯುವವಳು. ಗಾಡಿಯಿಂದ ಕಳಚಿದ ಎತ್ತನ್ನು ಯಾರು ಅಟ್ಟಿಸಿಕೊಂಡು ಹೋಗುತ್ತಾರೆ?

ಗಂಟೆ ಹೊಡೆಯಿತು.

ಬಿಂದುಶ್ರೀ ಅದನ್ನು ಕೇಳಿದಳು. ಗೆರೆಯ ಬಳಿ ಮೇಷ್ಟರು ಟೋಪಿ ತೆಗೆದು ಬೀಸುತ್ತಿದ್ದುದೂ ಕಣ್ಣಿನ ಅಂಚಿಗೆ ಬಿತ್ತು. ಬಾ ಅಂತ ಬೀಸುತ್ತಿದ್ದರೋ ಹೋಗು ಅಂತ ಬೀಸುತ್ತಿದ್ದರೋ. ಪಕ್ಕಕ್ಕೆ ಯಾರೂ ಬಂದಿರಲಿಲ್ಲ. ಗಂಟೆ ಆದ ಮಾತ್ರಕ್ಕೆ ಬಿಡುವುದುಂಟೇ? ಬರುತ್ತಾರೆ. ತಡವಾಗಿದೆ, ಬಸ್ಸು ಎಲ್ಲೋ ನಿಂತಿರಬೇಕು. ಬೆಳಗ್ಗೆ ರುದ್ರಮ್ಮನಿಗೆ ಕಾದ ಹಾಗೆಯೇ ಈಗಲೂ ಕಾದಳು. ಮಷೀನಿನ ಮುಂದೆ ಕಾಯುವುದೆಂದರೆ ನಿಲ್ಲುವುದು. ಇಲ್ಲಿ ಕಾಯುವುದೆಂದರೆ ಓಡುವುದು.

ಹುಲ್ಲು ಅವಳ ಎಡಕ್ಕೆ ಹಸಿರಾಗಿ ಹರಿದುಹೋಯಿತು. ಯಾವಾಗಲೂ ಇಳಿಯುತ್ತಿದ್ದ ಜಾಗ ಹಿಂದಾಯಿತು. ಅಲ್ಲಿಂದ ಮುಂದೆ ಅದೇ ನೆಲ, ಅದೇ ಬಿಳಿ ಗೆರೆ, ಆದರೂ ಹಿಂದೆಂದೂ ಬರದ ಊರಿಗೆ ಬಂದ ಹಾಗೆ ಅನ್ನಿಸಿತು. ಕೂತಿದ್ದ ಜನ ಎದ್ದು ನಿಂತಿದ್ದರು. ಅವರ ಬಾಯಿ ಅಲ್ಲಾಡುತ್ತಿತ್ತು, ಸದ್ದು ಮಾತ್ರ ನೀರಿನ ತಳದಲ್ಲಿದ್ದವರಿಗೆ ಕೇಳುವಂತೆ ಎಲ್ಲಿಂದಲೋ ಕೇಳುತ್ತಿತ್ತು. ಗಾಳಿ ಮತ್ತೆ ಎದುರಾಯಿತು. ಈ ಸಲ ಅದು ಅವಳನ್ನು ತಡೆಯಲಿಲ್ಲ, ಕೆರೆಯಲ್ಲಿ ಈಜುವವರನ್ನು ನೀರು ಹೊತ್ತ ಹಾಗೆ ಹೊತ್ತುಕೊಂಡಿತು.

ಕೊನೆಯ ತಿರುವಿನಲ್ಲಿ ಹೆಜ್ಜೆ ಸದ್ದು ಕೇಳಿತು.

ಒಂದೇ ಜೊತೆ ಹೆಜ್ಜೆ. ಆ ಹೆಜ್ಜೆ ಅವಳಿಗೆ ಗೊತ್ತು. ಎಷ್ಟೋ ಬೆಳಗು ಅದು ಅವಳ ಬೆನ್ನಿಗೇ ಬಂದಿತ್ತು. ತನ್ಮಯಿ. ಹಗ್ಗ ಹರಿದು ಬಂದವಳ ಹಾಗೆ ಬರುತ್ತಿದ್ದಳು. ಅಂತೂ ಬಂದರು ಎಂದು ಬಿಂದುಶ್ರೀಯ ಮೈ ತಾನಾಗಿ ಹಗುರಾಯಿತು, ಕಾಲು ಒಂದು ಕೂದಲೆಳೆಯಷ್ಟು ಹುಲ್ಲಿನ ಕಡೆ ವಾಲಿತು. ಹೂಂ, ಬಿಡು, ಅನ್ನುವ ಮಾತಿಗೆ ಕಿವಿ ಕಾದಿತ್ತು.

ಆಗ ಎದುರಿಗೆ ಆ ಕೊನೆಯ ನೇರ ದಾರಿ ಬಿಚ್ಚಿಕೊಂಡಿತು. ಅಜ್ಜಿ ಒಗೆದ ಸೀರೆಯನ್ನು ಹೊಲದ ಬದುವಿನುದ್ದಕ್ಕೆ ಹಾಸಿ ಒಣಗಿಸುತ್ತಿದ್ದ ಹಾಗೆ, ಕೆಂಪಗೆ, ನೆಟ್ಟಗೆ, ಯಾರೂ ಇಲ್ಲದೆ. ಅದರ ತುದಿಯಲ್ಲಿ ಒಂದು ತೆಳು ಬಿಳಿ ಗೆರೆ. ಅದನ್ನು ಇಷ್ಟು ವರ್ಷ ಹುಲ್ಲಿನ ಮೇಲೆ ನಿಂತು ನೋಡಿದ್ದು. ಹೆಜ್ಜೆ ಅವಳ ಭುಜದ ಹತ್ತಿರ ಬಂತು. ತನ್ಮಯಿಯ ಉಸಿರು ಕಿವಿಗೆ ತಾಗಿತು. ಬಿಡಬೇಕು. ಬಿಡಲು ಇದೇ ಗಳಿಗೆ.

ಮನಸ್ಸು ಬರಲಿಲ್ಲ.

ಕನಸಿನಲ್ಲಿ ಒಮ್ಮೊಮ್ಮೆ ಇದು ಕನಸು ಎಂದು ತಿಳಿದೂ ಏಳಲು ಮನಸ್ಸಾಗದಿರುವುದುಂಟು. ಅವಳಿಗೂ ಹಾಗೇ ಆಯಿತು. ಅಲ್ಲಿಯವರೆಗೆ ಓಡಿದ್ದು ಹದದ ಓಟ. ಅಲ್ಲಿಂದ ಗೆರೆಯವರೆಗೆ ಓಡಿದ್ದಕ್ಕೆ ಹದ ಇರಲಿಲ್ಲ. ಕೈ ಹೇಗೋ ಬೀಸಿತು, ತಲೆ ಹಿಂದಕ್ಕೆ ಹೋಯಿತು, ಬಾಯಿ ತೆರೆಯಿತು. ಆ ಹೆಜ್ಜೆ ಅವಳ ಭುಜದ ಮಟ್ಟದಲ್ಲೇ ಇತ್ತು, ಅದಕ್ಕಿಂತ ಮುಂದೆ ಬರಲಿಲ್ಲ. ಬಿಳಿ ಗೆರೆ ಕಾಲ ಕೆಳಗೆ ಹಾದುಹೋಯಿತು. ಹಾದುಹೋದ ಮೇಲೂ ಅವಳು ಸ್ವಲ್ಪ ದೂರ ಓಡಿದಳು. ನಿಲ್ಲುವುದು ಎಲ್ಲಿ ಎಂದು ಅವಳಿಗೆ ತಿಳಿಯಲಿಲ್ಲ.

ಆಮೇಲೆ ಗದ್ದಲ. ಮೇಜಿನ ಹಿಂದಿನ ಅಧಿಕಾರಿಗಳು ತಲೆ ಸೇರಿಸಿ ಮಾತಾಡಿದರು. ಪೇಸರ್ ಗೆಲ್ಲಬಹುದೋ ಕೂಡದೋ ಎಂದು ಒಬ್ಬರು, ಶುರುವಿನ ಗೆರೆಯಲ್ಲಿ ನಿಂತು ಕೊನೆಯ ಗೆರೆ ಮುಟ್ಟಿದವರೆಲ್ಲ ಓಟಗಾರರೇ ಎಂದು ಇನ್ನೊಬ್ಬರು. ಕೊನೆಗೆ ಮೈಕಿನಲ್ಲಿ ಬಿಂದುಶ್ರೀ ಎಂದು ಕೂಗಿದರು. ಕೇರಳದ ಹುಡುಗಿ ಮೂರನೆಯವಳಾಗಿ ಬಂದಿದ್ದಳು. ಹತ್ತಿರ ಬಂದು ಇವಳ ಕೈ ಹಿಡಿದು ಏನೋ ಹೇಳಿ ನಕ್ಕು ಹೋದಳು. ತನ್ಮಯಿ ಹುಲ್ಲಿನ ಮೇಲೆ ಮುಖ ಮುಚ್ಚಿ ಮಲಗಿದ್ದಳು. ಅವಳಿಗೆ ಗೆಲುವೂ ಸಿಗಲಿಲ್ಲ, ಬೇಕಾದ ಟೈಮೂ ಸಿಗಲಿಲ್ಲ. ಹಿಂದೆ ಕಾಯುತ್ತಾ ಕಳೆದದ್ದು ಕಳೆದೇ ಹೋಗಿತ್ತು.

ಮೇಷ್ಟರು ಬಂದರು. ಕೋಪವಿದೆಯೋ ಇಲ್ಲವೋ ಅವರ ಮುಖದಲ್ಲಿ ಕಾಣಲಿಲ್ಲ.

“ಯಾಕಮ್ಮ ನಿಲ್ಲಲಿಲ್ಲ?”

“ಯಾರೂ ಬರಲಿಲ್ಲ ಸಾರ್.”

“ಗಂಟೆ ಹೊಡೀತಲ್ಲ?”

“ಗಂಟೆ ಹೊಡೀತು ಸಾರ್. ಆದ್ರೆ ಯಾರೂ ಬರಲಿಲ್ಲವಲ್ಲ.”

ಮೇಷ್ಟರು ಅವಳನ್ನೇ ನೋಡಿದರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಳೆದವರು ಅವರು. ಎಲ್ಲೋ ಒಂದು ಕಡೆ ಅವರಿಗೆ ಅರ್ಥವಾಗಿರಬೇಕು. ಆದರೂ ಕೈ ಚಾಚಿದರು. “ಕಾರ್ಡು ಕೊಡು. ಪೇಸರ್ ಕಾರ್ಡು ಇನ್ನು ನಿನ್ನ ಹತ್ರ ಇರೋ ಹಾಗಿಲ್ಲ.”

ಬಿಂದುಶ್ರೀ ಕೊರಳಿನಿಂದ ತೆಗೆದು ಕೊಟ್ಟಳು. ಅದೇ ಕೊರಳಿಗೆ ಸ್ವಲ್ಪ ಹೊತ್ತಿನ ಮೇಲೆ ಯಾರೋ ದೊಡ್ಡವರು ಮೆಡಲು ಹಾಕಿದರು. ಅದು ತಣ್ಣಗಿತ್ತು.

ಮನೆಯಲ್ಲಿ ಅಜ್ಜಿ ಮೆಡಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಇದ್ನ ಏನ್ ಮಾಡ್ತಾರೆ?”

“ಇಟ್ಕೊಳ್ಳೋದು ಅಜ್ಜಿ.”

“ಇಟ್ಕೊಂಡು?”

“ಅಷ್ಟೇ.”

“ಮತ್ತೆ ಗೆದ್ದೋಳು ಯಾಕೆ ಇಂಗೆ ಸಪ್ಪಗೆ ಕುಂತಿದ್ದೀಯ?”

“ಇನ್ಮೇಲೆ ಒಳಗೆ ಬಿಡ್ತಾರೋ ಇಲ್ವೋ. ಕಾರ್ಡ್ ಕಿತ್ಕೊಂಡ್ರು.”

“ನಮ್ಮೆಮ್ಮೆ ಮೇಯ್ತಿದ್ದ ಜಾಗಕ್ಕೆ ನಿನ್ನ ಬಿಡಾಕೆ ಅವ್ರ್ಯಾರು?” ಎಂದಳು ಅಶ್ವತ್ಥಮ್ಮ. ಆದರೆ ಹೇಳಿದ ಮೇಲೆ ಮೆಡಲನ್ನು ಮೊಮ್ಮಗಳ ಮಡಿಲಿಗೆ ಮರಳಿಸಿದಳು. ಎಮ್ಮೆ ಮೇಯುತ್ತಿದ್ದ ಜಾಗಕ್ಕೆಲ್ಲ ಈಗ ಗೇಟು ಇದೆ ಅನ್ನುವುದು ಅವಳಿಗೂ ಗೊತ್ತು.

ಸೋಮವಾರದಿಂದ ಬಿಂದುಶ್ರೀಗೆ ಮಧ್ಯಾಹ್ನದ ಶಿಫ್ಟು. ಬೆಳಗ್ಗೆ ಮಲಗಿಯೇ ಇರಬಹುದಾಗಿತ್ತು. ಆದರೆ ಕಾಲು ಮಾತು ಕೇಳಲಿಲ್ಲ. ಬೆಳಕು ಹರಿಯುವಾಗ ಗೇಟಿನ ಮುಂದೆ ನಿಂತಿದ್ದಳು. ಕಾವಲಿನ ಪಾಪಯ್ಯ ಮಫ್ಲರಿನೊಳಗಿಂದ ಅವಳ ಬರಿಯ ಕೊರಳು ನೋಡಿದ.

“ಬಿಡ್ಬೇಡ ಅಂತ ಯಾರೂ ಅಂದಿಲ್ಲ ಕಣವ್ವ. ಬಿಡು ಅಂತಾನೂ ಅಂದಿಲ್ಲ. ಕಾರ್ಡ್ ಇಲ್ದೆ ಬಿಟ್ರೆ ನಾಳೆ ನನ್ನ ಕೇಳ್ತಾರೆ.” ತನ್ನ ಸ್ಟೂಲನ್ನು ಅವಳ ಕಡೆ ಸರಿಸಿ ಹೇಳಿದ, “ಇಲ್ಲೇ ಕುಂತ್ಕೊ. ಟೀ ಕುಡಿ. ನಿನ್ನೆ ನಾನೂ ಸಿಳ್ಳೆ ಹೊಡ್ದೆ, ಗೊತ್ತಾ?”

ಅವನ ಸ್ಟೂಲಿನ ಮೇಲೆ ಕೂತು ಅವಳು ಟೀ ಕುಡಿದಳು. ಗೇಟಿನ ಸರಳುಗಳ ಆಚೆ ಟ್ರ್ಯಾಕು ಮಂಜಿನಲ್ಲಿ ಮಲಗಿತ್ತು. ಅಲ್ಲಿಂದ ನೋಡಿದರೆ ಒಂದು ತಿರುವು ಮಾತ್ರ ಕಾಣುತ್ತಿತ್ತು. ನಾಳೆಯಿಂದ ಮತ್ತೆ ಸರ್ವಿಸ್ ರೋಡು ಎಂದುಕೊಂಡಳು. ನಾಯಿಗಳಿಗೆ ಅವಳ ಗುರುತು ಇದೆಯೋ ಮರೆತುಹೋಗಿದೆಯೋ.

ಕಾರು ಬಂತು. ತನ್ಮಯಿ ಇಳಿದಳು. ಕಣ್ಣು ಊದಿತ್ತು. ನಿದ್ದೆ ಮಾಡಿರಲಿಲ್ಲವೆಂದು ತೋರುತ್ತಿತ್ತು. ಬಿಂದುಶ್ರೀ ಎದ್ದು ನಿಂತಳು.

“ಸಾರ್ ಹೇಳಿದ್ರು,” ಎಂದಳು ತನ್ಮಯಿ. “ಯಾರೂ ಬರ್ಲಿಲ್ಲ, ಅದಕ್ಕೇ ನಿಲ್ಲಲಿಲ್ಲ ಅಂದ್ಯಂತೆ.”

“ಹೂಂ ಮೇಡಂ.”

“ನಿಜ. ನಾನು ಅವಳನ್ನ ನೋಡ್ತಾ ಕೂತೆ, ಅವಳು ನನ್ನ ನೋಡ್ತಾ ಕೂತ್ಲು. ದಡ್ಡಿ ನಾನು. ನಿನ್ನ ತಪ್ಪೇನಿಲ್ಲ.”

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆ ಮಾತು ಹಿಡಿದುಕೊಂಡರೆ ಕಾರ್ಡೂ ಬಂದೀತು, ಗೇಟೂ ತೆರೆದೀತು. ಆದರೆ ಬಿಂದುಶ್ರೀಗೆ ರಾತ್ರಿಯೆಲ್ಲ ನಿದ್ದೆ ಕೆಡಿಸಿದ್ದು ಬೇರೆ.

“ಅದಲ್ಲ ಮೇಡಂ. ಕೊನೇಲಿ ನೀವು ಬಂದ್ರಿ. ನನ್ನ ಪಕ್ಕಕ್ಕೇ ಬಂದಿದ್ರಿ, ನನಗೆ ಗೊತ್ತಾಯ್ತು. ಆಗ ಬಿಡ್ಬೇಕಾಗಿತ್ತು. ಬಿಡೋಕೆ ಮನಸ್ಸಾಗ್ಲಿಲ್ಲ.”

ತನ್ಮಯಿ ತಲೆಯೆತ್ತಿ ನೋಡಿದಳು. ನೋಡಿದ ರೀತಿ ಹೊಸದು. ಇಷ್ಟು ದಿನ ಬೆನ್ನನ್ನಷ್ಟೇ ನೋಡಿದವಳು ಈಗ ಮುಖ ನೋಡಿದಂತಿತ್ತು.

“ಅಂದ್ರೆ ನೀನು ಬೇಕು ಅಂತಾನೇ ಓಡಿದ್ದು.”

“ಕೊನೇದೊಂದು ಚೂರು. ಹೂಂ.”

“ಅಬ್ಬಾ, ಸದ್ಯ,” ಎಂದು ತನ್ಮಯಿ ಉಸಿರು ಬಿಟ್ಟಳು. “ರಾತ್ರಿಯೆಲ್ಲ ಅದೇ ಕಣೇ ನನ್ನ ಕೊರೀತಿದ್ದದ್ದು. ಓಡ್ತಾ ಇದೀನಿ ಅಂತಾನೇ ಗೊತ್ತಿಲ್ದೇ ಇರೋಳ ಹತ್ರ ಸೋತೆ ಅಂದ್ರೆ ನಾನು ಹೆಂಗೆ ಮುಖ ತೋರಿಸ್ಲಿ? ಇದಾದ್ರೆ ಪರವಾಗಿಲ್ಲ.” ಅವಳು ನಕ್ಕಳು. ನಗುವಿನ ತುದಿಯಲ್ಲಿ ಅಳು ಇತ್ತು. ಮೂಗು ಒರೆಸಿಕೊಂಡು ಕಾವಲಿನವನ ಕಡೆ ತಿರುಗಿದಳು. “ಪಾಪಯ್ಯ, ಇವಳನ್ನ ಬಿಡಿ.”

“ಯಾವ ಲೆಕ್ಕದಲ್ಲಿ ಬಿಡ್ಲಿ ಮೇಡಂ? ಪೇಸರ್ ಅಂತಾನಾ?”

“ಪೇಸರ್ ಇವತ್ತು ನಾನು. ಸಾರ್‌ಗೆ ನಾನು ಹೇಳ್ತೀನಿ. ಹೊಸ ಕಾರ್ಡಲ್ಲಿ ಏನ್ ಬರೀತಾರೋ ಅವರೇ ಬರ್ಕೊಳ್ಳಲಿ.” ಮತ್ತೆ ಬಿಂದುಶ್ರೀಗೆ ಹೇಳಿದಳು, “ಮುಂದಿನ ತಿಂಗಳು ಇನ್ನೊಂದು ಓಟ ಇದೆ. ಅಲ್ಲಿ ನಿನ್ನ ಸೋಲಿಸದೆ ಬಿಡಲ್ಲ. ಅದಕ್ಕೆ ನೀನು ಹಿಂದಿಂದ ಅಟ್ಟಿಸ್ಕೊಂಡು ಬರ್ಬೇಕು. ದಾಟೋಕೆ ಆದ್ರೆ ದಾಟು.”

ಪಾಪಯ್ಯ ಗೇಟು ಸರಿಸಿದ.

ಮಂಜು ಇನ್ನೂ ಎದ್ದಿರಲಿಲ್ಲ. ಪಟ್ಟಾಭಿರಾಮ ಮೇಷ್ಟರು ಆಗಲೇ ಗೆರೆಯ ಬಳಿ ಕೈ ಕಟ್ಟಿ ನಿಂತಿದ್ದರು. ಇಬ್ಬರೂ ಒಟ್ಟಿಗೆ ಬಂದುದನ್ನು ನೋಡಿ ಸೀಟಿ ಬಾಯಿಗಿಟ್ಟರು. ತನ್ಮಯಿ ಮುಂದೆ ಹೊರಟಳು. ಬಿಂದುಶ್ರೀ ಅವಳ ಹಿಂದೆ ಹೊರಟಳು. ಎದುರಿಗೆ ಗಾಳಿಯಿಲ್ಲದೆ ಓಡುವುದು ಇಷ್ಟು ಹಗುರವೇ ಎಂದು ಅವಳಿಗೆ ಬೆರಗಾಯಿತು. ಕೆಲವು ಸುತ್ತು ಕಳೆದ ಮೇಲೆ ಅವಳಿಗೆ ಇನ್ನೊಂದು ಸಂಗತಿ ಕಂಡಿತು. ಇಷ್ಟು ದಿನ ಜೊತೆಗೆ ಓಡಿದ್ದರೂ ತನ್ಮಯಿ ಓಡುವುದನ್ನು ಅವಳು ಹಿಂದಿನಿಂದ ನೋಡಿಯೇ ಇರಲಿಲ್ಲ. ದಣಿವಾಗುತ್ತಿದ್ದಂತೆ ತನ್ಮಯಿಯ ಎಡ ಭುಜ ಸ್ವಲ್ಪ ಕೆಳಗೆ ವಾಲುತ್ತಿತ್ತು. ಬಿಂದುಶ್ರೀ ಅದನ್ನು ಮುಂದಿನ ತಿಂಗಳಿಗೆ ಗುರುತಿಟ್ಟುಕೊಂಡಳು.